ಗಂಗಿ ಮೇಕೆಯ ಕೈ

ನನ್ನ ಹೆಂಡತಿ ಸಂಗಮ್ಮ ಒಂದು ಕಾಲಕ್ಕೆ ಟಿವಿಯಲ್ಲಿ ಮೇಕೆಯಾಗಿದ್ದಳು. ಈ ಮಾತನ್ನು ನಾನು ಐವತ್ತು ವರ್ಷದಿಂದ ನಾರಾಯಣಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಒಬ್ಬನೂ ನಂಬಿಲ್ಲ. ಸೀರೆ ಅಂಗಡಿಯವನು, ಗಿರಾಕಿ ಎದ್ದು ಹೋಗದಿರಲಿ ಎಂದು ಏನೇನೋ ಹೇಳುತ್ತಾನೆ ಅಂದುಕೊಂಡಿದ್ದಾರೆ. ಪಕ್ಕದ ಅಂಗಡಿಯ ನರೇಂದರ್ ಅಂತೂ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ, "ಏನ್ರೀ ತಾಯಪ್ಪ, ಮನ್ಯಾಗ ಮ್ಯಾಕಿ ಆರಾಮೈತೇನ್ರಿ?" ಎಂದು ಕೇಳುತ್ತಾನೆ. ಅವನ ಹಲ್ಲು ಉದುರಿಸಬೇಕು ಅನ್ನಿಸುತ್ತದೆ. ಆದರೆ ಅವನ ಬಾಯಲ್ಲಿ ಉಳಿದಿರುವುದೇ ಮೂರೋ ನಾಲ್ಕೋ, ಹೋಗಲಿ ಎಂದು ಬಿಟ್ಟಿದ್ದೇನೆ.

ನನಗೆ ಸಿಟ್ಟು ಬೇಗ ಬರುತ್ತದೆ, ಅದು ಊರಿಗೆಲ್ಲ ಗೊತ್ತು. ಆದರೆ ಈ ವಿಷಯದಲ್ಲಿ ನನ್ನ ಸಿಟ್ಟು ನ್ಯಾಯವಾದದ್ದು. ಯಾಕೆಂದು ಹೇಳುತ್ತೇನೆ, ಕೇಳಿ.

ಎಮರ್ಜೆನ್ಸಿಯ ಹೊತ್ತಿನಲ್ಲಿ ನಮ್ಮ ಕಡೆ ಯಾರ ಮನೆಯಲ್ಲೂ ಟಿವಿ ಇರಲಿಲ್ಲ. ಸರ್ಕಾರದವರು ಕೆಲವು ಹಳ್ಳಿಗಳನ್ನು ಆರಿಸಿ, ಅಲ್ಲಿಯ ಶಾಲೆಗಳಲ್ಲಿ ದೊಡ್ಡದೊಂದು ಪೆಟ್ಟಿಗೆ ಇಟ್ಟು, ಮಾಳಿಗೆಯ ಮೇಲೆ ತಂತಿಯ ಬಲೆಯ ಬುಟ್ಟಿ ಕಟ್ಟಿದ್ದರು. ಆಕಾಶದಿಂದ ಚಿತ್ರ ಬಂದು ಆ ಬುಟ್ಟಿಗೆ ಬೀಳುತ್ತದೆ ಅನ್ನುತ್ತಿದ್ದರು. ನಾನಾಗ ಮದುವೆಯಾಗದ ಹುಡುಗ, ಸೈಕಲ್ಲಿನ ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ಊರೂರು ತಿರುಗುತ್ತಿದ್ದೆ. ಧನ್ವಾಡದ ಕಡೆಯ ಒಂದು ಶಾಲೆಯಲ್ಲಿ ಮೊದಲ ಸಲ ಗಂಗಿಯನ್ನು ಕಂಡೆ. ಕರಿ ಕಂಬಳಿಯ ಮೇಕೆ, ಗುಂಡಿಯ ಕಣ್ಣು, ಉದ್ದ ಕಿವಿ. ಒಳಗೆ ಕೈ ತೂರಿಸಿ ಆಡಿಸುವ ಬೊಂಬೆ. ಬಾವಿ ಯಾಕೆ ಮುಚ್ಚಬೇಕು, ಮಳೆ ಎಲ್ಲಿಂದ ಬರುತ್ತದೆ, ಅಕ್ಕ ಶಾಲೆಗೆ ಹೋದರೆ ತಂಗಿ ಯಾಕೆ ಮನೆಯಲ್ಲಿ ಎಂದು ಎಲ್ಲವನ್ನೂ ಕೇಳುವ ಮೇಕೆ. ದೊಡ್ಡವರು ಬೈದರೆ ಜಗ್ಗುತ್ತಿರಲಿಲ್ಲ. ಮಾತು ಮುಗಿಸಿ ದವಡೆ ಅಡ್ಡಡ್ಡ ಆಡಿಸುತ್ತ ಮೆಲುಕು ಹಾಕುತ್ತಿತ್ತು. ಅದು ಮೆಲುಕು ಹಾಕಿದರೆ ನೆಲದ ಮೇಲೆ ಕೂತ ಮಕ್ಕಳೆಲ್ಲ ಮೆಲುಕು ಹಾಕುತ್ತಿದ್ದವು. ಹಿಂದೆ ಬಾಗಿಲಲ್ಲಿ ನಿಂತ ನಾನೂ ಹಾಕುತ್ತಿದ್ದೆ. ಮೀಸೆ ಬಂದ ಗಂಡಸು ಮಕ್ಕಳ ಆಟ ನೋಡುತ್ತಾನೆ ಎಂದು ಯಾರಾದರೂ ನಕ್ಕರೆ ನಗಲಿ ಅಂದುಕೊಂಡಿದ್ದೆ. ವಾರಕ್ಕೊಮ್ಮೆ ಅದೇ ಹೊತ್ತಿಗೆ ಅದೇ ಊರಿಗೆ ವ್ಯಾಪಾರಕ್ಕೆ ಹೋಗುತ್ತಿದ್ದೆ. ಆ ಊರಲ್ಲಿ ಒಂದು ಸೀರೆಯೂ ಸರಿಯಾಗಿ ಮಾರಲಿಲ್ಲ.

ಆ ಕಾರ್ಯಕ್ರಮ ಒಂದು ವರ್ಷ ಬಂತು, ನಿಂತುಹೋಯಿತು. ಅದಾದ ಮರುವರ್ಷ ಮಕ್ತಲ್‌ನಲ್ಲಿ ನನಗೆ ಹುಡುಗಿ ನೋಡಿದರು. ಬಾಲವಾಡಿ ಟೀಚರು, ಕನ್ನಡ ತೆಲುಗು ಎರಡೂ ಸರಾಗ, ಹೈದರಾಬಾದಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಒಂದು ವರ್ಷ ಸರ್ಕಾರಿ ಕೆಲಸ ಮಾಡಿದ್ದಾಳೆ ಎಂದಷ್ಟೇ ಹೇಳಿದರು. ಎಂಥ ಕೆಲಸ ಎಂದು ನಾವೂ ಕೇಳಲಿಲ್ಲ.

ಮದುವೆಯ ಹೊಸತರಲ್ಲಿ ರಾಯಚೂರಿನ ನೆಂಟರ ಮನೆಗೆ ಊಟಕ್ಕೆ ಹೋಗಿದ್ದೆವು. ನನ್ನ ಸೋದರಮಾವನ ಮಗ ಕೊಟ್ರೇಶ ಅಲ್ಲಿಯೇ ಹತ್ತಿರದ ಹಳ್ಳಿಯಲ್ಲಿ ಇದೇ ಗಂಗಿಯನ್ನು ನೋಡಿದ್ದ. ಮಾತಿಗೆ ಮಾತು ಬಂತು.

"ಆ ಮ್ಯಾಕಿ ಮೆಲುಕು ಹಾಕೋದು ನೋಡಬೇಕಿತ್ತು," ಎಂದೆ ನಾನು. "ಆಕಲಮ್ಮಾ ಅಂತಿತ್ತು, ಆಮ್ಯಾಲೆ ದವಡಿ ಆಡಸ್ತಿತ್ತು."

"ಅಲ್ಲಿ ಎಲ್ಲಿ ಮೆಲುಕೋ?" ಎಂದ ಕೊಟ್ರೇಶ. "ಯವ್ವಾ ನನಗ ಹೊಟ್ಟಿ ಹಸ್ತೈತಿ ಅಂತಿತ್ತು, ಬಾಯಿ ಮುಚ್ಚತಿತ್ತು. ಅದು ಮೆಲುಕು ಹಾಕತಿದ್ದದ್ದು ‘ಒಲ್ಲೆ’ ಅಂದ ಮ್ಯಾಲೆ."

"ಸುಳ್ಳ ಹೇಳಬ್ಯಾಡ. ಅಲ್ಲಿ ಅದು ನಾಕೊದ್ದಂಟೆ ವದ್ದು, ಬ್ಯಾಡಂದ್ರ ಬ್ಯಾಡ ಅಂತ ಜಗಳಾಡತಿತ್ತು. ಮೆಲುಕು ಹಾಕಾಕ ಬಾಯಿ ಖಾಲಿ ಎಲ್ಲಿತ್ತು?"

"ನಿನಗ ಕಣ್ಣು ಕಾಣಂಗಿಲ್ಲ."

"ನಿನಗ ಕಿವಿ ಕೇಳಂಗಿಲ್ಲ."

ಎಲೆಯ ಮುಂದೆ ಕೂತವರು ಎದ್ದು ನಿಂತೆವು. ನನ್ನ ಕೈ ಅವನ ಅಂಗಿಗೆ ಹೋಗಿತ್ತು. ಆಗ ಬಡಿಸುತ್ತಿದ್ದ ನನ್ನ ಹೊಸ ಹೆಂಡತಿ ಸಾರಿನ ಪಾತ್ರೆಯನ್ನು ಕೆಳಗಿಟ್ಟು ನಗತೊಡಗಿದಳು. ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು.

"ಇಬ್ಬರೂ ಖರೇ ಹೇಳಾಕತ್ತೀರಿ. ಕುಂದರ್ರಿ, ಉಣ್ರಿ," ಎಂದಳು. "ಚಿತ್ರ ಒಂದೇ ಇತ್ತು, ದನಿ ಎರಡಿದ್ವು. ನಿಮ್ಮ ಕಡೆ ಪೆಟ್ಟಿಗ್ಯಾಗ ತೆಲುಗು ಬರ್ತಿತ್ತು, ಇವರ ಕಡೆ ಕನ್ನಡ. ಆಕಲಮ್ಮಾ ಅಂದ್ರ ತೆಲುಗು ಲಗೂನ ಮುಗೀತೈತಿ, ಕನ್ನಡ ಇನ್ನಾ ನಡದಿರ್ತೈತಿ. ಅಲ್ಲಿ ಬಾಯಿ ಮುಚ್ಚಿದ್ರ ರಾಯಚೂರ ಕಡೆ ಮಕ್ಕಳಿಗೆ ಮೋಸ. ತೆರೆದು ಸುಮ್ಮನ ಬಿಟ್ರ ನಮ್ಮ ಕಡೆ ಮಕ್ಕಳಿಗೆ ಮೋಸ. ಅದಕ್ಕ ಹೆಬ್ಬಟ್ಟು ಹಿಂಗ ಅಡ್ಡ ಆಡಸ್ತಿದ್ದೆ. ಒಂದು ಕಡೆ ಮಾತು, ಒಂದು ಕಡೆ ಮೆಲುಕು."

ಹೀಗೆ ಹೇಳುತ್ತ ಸೆರಗಿನ ತುದಿಯನ್ನು ಕೈಗೆ ಸುತ್ತಿ, ನಾಲ್ಕು ಬೆರಳು ಮೇಲೆ, ಹೆಬ್ಬೆಟ್ಟು ಕೆಳಗೆ ಮಾಡಿ ಆಡಿಸಿ ತೋರಿಸಿದಳು. ನನ್ನ ಮುಂದೆ ಗಂಗಿ ನಿಂತಿತ್ತು. ನನ್ನ ಕೈಯಿಂದ ಕೊಟ್ರೇಶನ ಅಂಗಿ ಜಾರಿತು. ಆ ದಿನದಿಂದ ನನ್ನ ಹೆಂಡತಿಯ ಬಗ್ಗೆ ನನಗಿರುವ ಹೆಮ್ಮೆ ಇದೆಯಲ್ಲ, ಅದನ್ನು ಅಳೆಯುವ ಗಜಕೋಲು ನನ್ನ ಅಂಗಡಿಯಲ್ಲಿಲ್ಲ.

ಆಮೇಲೆ ಅವಳು ಬಿಡಿಸಿ ಹೇಳಿದಳು. ಎರಡು ದನಿಗಳನ್ನೂ ಮೊದಲೇ ಬೇರೆ ಬೇರೆ ದಿನ ಟೇಪು ಮಾಡಿಡುತ್ತಿದ್ದರು. ದನಿ ಕೊಟ್ಟವರು ಬಂದು, ಓದಿ, ಬಸ್ಸು ಹಿಡಿದು ಹೋಗುತ್ತಿದ್ದರು. ಆಮೇಲೆ ಇವಳು ಮೇಜಿನ ಕೆಳಗೆ ಮಂಡಿಯೂರಿ ಕೂತು, ಎಡ ಕಿವಿಯಲ್ಲಿ ತೆಲುಗು, ಬಲ ಕಿವಿಯಲ್ಲಿ ಕನ್ನಡ ಕೇಳುತ್ತ ಬಲಗೈಯನ್ನು ಮೇಲೆತ್ತಿ ಗಂಗಿಯನ್ನು ಆಡಿಸುತ್ತಿದ್ದಳು. ಒಂದು ಕಿವಿಯ ಮಾತಿಗೆ ಬಾಯಿ ಆಡಿಸಿದರೆ ಸಾಕು, ಇನ್ನೊಂದು ಕಡೆಯವರು ಹೊಂದಿಸಿಕೊಳ್ಳುತ್ತಾರೆ ಎಂದು ಅಲ್ಲಿಯವರು ಹೇಳಿದ್ದರಂತೆ. ಇವಳು ಕೇಳಲಿಲ್ಲ. "ಮಕ್ತಲ್ದಾಗ ನಮ್ಮ ಓಣಿಯೊಳಗ ಈ ಮನಿ ತೆಲುಗು, ಆ ಮನಿ ಕನ್ನಡ. ಯಾರ ಮಕ್ಕಳನ್ನ ಬಿಡಲಿ?" ಎಂದು ಅವರನ್ನೇ ಕೇಳಿದಳಂತೆ. ಇಂಥ ಕೈ ಇಡೀ ಹೈದರಾಬಾದಿನಲ್ಲಿ ಇನ್ನೊಂದಿರಲಿಲ್ಲ. ಬೇಕಾದರೆ ಯಾರಾದರೂ ಬಂದು ನನ್ನ ಜೊತೆ ವಾದ ಮಾಡಲಿ.

ಈಗ ಮೊನ್ನೆಯ ಮಾತಿಗೆ ಬರುತ್ತೇನೆ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಒಂದು ಪೋಸ್ಟರ್ ಕಂಡಿತು. ಗಂಗಿಯ ಚಿತ್ರ. ಕಾಲು ಅಲ್ಲೇ ನಿಂತುಬಿಟ್ಟವು. ಹೈದರಾಬಾದಿನ ನವನೀತಾ ಎಂಬ ಹುಡುಗಿ ಹಳೆಯ ಮಕ್ಕಳ ಕಾರ್ಯಕ್ರಮಗಳನ್ನು ಹುಡುಕಿ ತೆಗೆಯುತ್ತಾಳಂತೆ. ಅವಳಿಗೆ ಗಂಗಿಯ ಒಂದೇ ಒಂದು ಕಂತು ಸಿಕ್ಕಿದೆ. ಚಿತ್ರ ಉಳಿದಿದೆ, ದನಿ ಹೋಗಿದೆ. ಆದ್ದರಿಂದ ಗಂಗಿಗೆ ಅಂದು ತೆಲುಗಿನ ದನಿಯಾಗಿದ್ದ ಗದ್ವಾಲದ ಮಾರ್ಕಂಡೇಯ ಮೇಷ್ಟ್ರು ಖುದ್ದಾಗಿ ಬಂದು, ನಮ್ಮೂರಿನ ಶಾಲೆಯ ಹಾಲ್‌ನಲ್ಲಿ ಮಕ್ಕಳ ಮುಂದೆ ಮತ್ತೆ ದನಿ ಕೊಡಲಿದ್ದಾರೆ. ಕೆಳಗೆ ದಪ್ಪ ಅಕ್ಷರದಲ್ಲಿ, ‘ಗಂಗಿ ಎಂದರೆ ಇವರೇ’ ಎಂದು ತೆಲುಗಿನಲ್ಲಿ ಬರೆದು, ಮಾರ್ಕಂಡೇಯರ ಫೋಟೋ ಹಾಕಿದ್ದರು.

ನನ್ನ ಪಿತ್ತ ನೆತ್ತಿಗೇರಿತು. ಅಲ್ಲಿಯೇ ನಿಂತು ಪೋಸ್ಟರಿನಲ್ಲಿದ್ದ ನಂಬರಿಗೆ ಫೋನು ಮಾಡಿದೆ. ನವನೀತಾ ಒಳ್ಳೆಯ ಹುಡುಗಿ. ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡಳು. ಕಾರ್ಯಕ್ರಮದ ಮೊದಲಿಗೆ ಬರುವ ಹೆಸರುಗಳಲ್ಲಿ ದನಿಯವರ ಹೆಸರು ಮಾತ್ರ ಇದೆ, ಅಂದು ಕೆಲಸ ಮಾಡಿದವರು ಯಾರೂ ಈಗಿಲ್ಲ, ನಿಮ್ಮ ಹತ್ತಿರ ಒಂದು ಫೋಟೋ ಇದ್ದರೂ ಸಾಕು ಎಂದಳು. ಮೇಜಿನ ಕೆಳಗೆ ಕೂತವಳ ಫೋಟೋ ಯಾರು ತೆಗೆಯುತ್ತಾರೆ? ದನಿಯವರಲ್ಲಿ ಯಾರಾದರೂ ಹೌದು ಎಂದರೆ ನಾನೇ ವೇದಿಕೆಗೆ ಕರೆಯುತ್ತೇನೆ ಎಂದೂ ಹೇಳಿದಳು. ಕನ್ನಡದ ದನಿಯಾಗಿದ್ದ ರಾಯಚೂರಿನ ಮಹಾಂತಯ್ಯನವರು ತೀರಿಹೋಗಿ ಬಹಳ ದಿನವಾಯಿತು. ಉಳಿದವರು ಮಾರ್ಕಂಡೇಯರೊಬ್ಬರೇ.

ಮರುದಿನ ಸಂಗಮ್ಮನಿಗೆ ಮಗ್ಗದವರನ್ನು ನೋಡಿ ಬರುತ್ತೇನೆಂದು ಹೇಳಿ, ಮಕ್ತಲ್‌ನಲ್ಲಿ ಬಸ್ಸು ಬದಲಿಸಿ, ಜೂರಾಲ ಅಣೆಕಟ್ಟು ದಾಟಿ ಗದ್ವಾಲಕ್ಕೆ ಹೋದೆ. ಬೈಯಬೇಕೆಂದೇ ಹೋಗಿದ್ದೆ. ಆದರೆ ಆ ಮನುಷ್ಯನ ದನಿ ಕೇಳಿದ ಕೂಡಲೇ ಅರ್ಧ ಸಿಟ್ಟು ಇಳಿಯಿತು. ಬಾಗಿಲು ತೆಗೆದು ತೆಲುಗಿನಲ್ಲಿ "ರಂಡಿ, ರಂಡಿ", ಬನ್ನಿ ಬನ್ನಿ ಎಂದರು ನೋಡಿ, ಗಂಗಿಯೇ ಕರೆದ ಹಾಗಾಯಿತು. ಚಹಾ ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಗದ್ವಾಲದವರು, ಕನ್ನಡ ಚೆನ್ನಾಗಿಯೇ ಬರುತ್ತದೆ. "ತಾಯಪ್ಪನವರೇ, ನಾ ಆ ಮ್ಯಾಕಿನ ನೋಡಿದ್ದು ಎಲ್ಲರಂಗ ಟಿವಿಯೊಳಗೇ," ಎಂದರು. "ಒಳಗ ಕೈ ಯಾರದು ಅಂತ ಆಗ ಕೇಳಲಿಲ್ಲ. ಯಾವನೋ ಹುಡುಗ ಇದ್ದಾನು ಅಂತ ತಿಳಕೊಂಡಿದ್ದೆ. ಈಗ ನೀವು ಹೇಳಿದಿರಿ ಅಂತ ನೋಡಿದೀನಿ ಅನ್ನಲೇನು? ಮಕ್ಕಳ ಮುಂದ ನಿಂತು ಸುಳ್ಳು ಹೇಳಾಕ ನನಗ ಬರಂಗಿಲ್ಲ."

ಚಹಾದ ಲೋಟ ಅಲ್ಲೇ ಇಟ್ಟು ಎದ್ದೆ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೇ ಆಗಲಿಲ್ಲ, ಅದೇ ಹೆಚ್ಚು ಉರಿಯಿತು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಜೊತೆ ಜಗಳವಾಡಿಕೊಂಡು ಬಂದೆ.

ಮನೆಗೆ ಬಂದರೆ ಸಂಗಮ್ಮ ಬಾಗಿಲಲ್ಲೇ ನಿಂತಿದ್ದಳು. ನರೇಂದರ್ ಪೋಸ್ಟರಿನ ವಿಷಯ ಹೇಳಿ ಹೋಗಿದ್ದ.

"ಮಗ್ಗದವರು ಸಿಕ್ರೇನು?" ಎಂದಳು.

ನಾನು ಚಪ್ಪಲಿ ಬಿಡುವುದರಲ್ಲಿ ಮಗ್ನನಾದೆ.

"ನನ್ನ ಕೈಗೆ ಸಾಕ್ಷಿ ಹುಡುಕಾಕ ಗದ್ವಾಲಕ್ಕ ಹೋಗಿದ್ರಿ ಹೌದಲ್ರಿ? ಯಾರು ಹೇಳಿದ್ರು ನಿಮಗ? ಕೇಳಿ ಇಸಗೊಳ್ಳೋ ಮರ್ಯಾದಿ ನನಗ ಬ್ಯಾಡ."

"ನಿನ್ನ ಮ್ಯಾಕಿಗೆ ಇನ್ನೊಬ್ಬರ ಫೋಟೋ ಹಾಕ್ಯಾರ, ನೋಡಿ ಸುಮ್ಮನ ಇರಲೇನು?"

"ನನಗೂ ಉರೀತೈತಿ," ಎಂದಳು. ದನಿ ಏರಲಿಲ್ಲ, ಆದರೆ ಕಣ್ಣು ಕೆಂಪಾಗಿದ್ದವು. "ನಿಮಗಿಂತ ಹೆಚ್ಚಿಗಿ ಉರೀತೈತಿ. ಒಂದು ವರ್ಷ ಮಂಡಿ ಸವಸೀನಿ ಅಲ್ಲಿ. ಹೆಸರು ಬೇಕು ನನಗೂ. ಆದ್ರ ನೀವು ಓಣಿ ಓಣಿ ತಿರುಗಿ ತಂದ ಹೆಸರು ಬ್ಯಾಡ. ಕೈ ನಂದು ಅಂತ ಅದು ಆ ಚಿತ್ರದಾಗ ಕಂಡ್ರ ಕಾಣಲಿ, ಇಲ್ಲಂದ್ರ ಬಿಡಲಿ."

ಐವತ್ತು ವರ್ಷದಲ್ಲಿ ಅವಳು ಹೆಸರು ಬೇಕು ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನನಗೆ ಊಟ ಸೇರಲಿಲ್ಲ. ಕೊನೆಗೆ ಅವಳೇ ಒಂದು ಕರಾರು ಹಾಕಿದಳು. ಗಂಗಿಯನ್ನು ಅವಳು ಮಕ್ಕಳ ನಡುವೆ ಕೂತು ಒಮ್ಮೆಯೂ ನೋಡಿರಲಿಲ್ಲ, ಹಾಗಾಗಿ ಬರುತ್ತಾಳೆ. ಆದರೆ ಅಲ್ಲಿ ನಾನು ತುಟಿ ಬಿಚ್ಚಿದರೆ ಆ ಕ್ಷಣವೇ ಎದ್ದು ಹೋಗುತ್ತಾಳೆ. ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ?

ಆ ದಿನ ಶಾಲೆಯ ಹಾಲ್ ತುಂಬಿತ್ತು. ಮುಂದೆಲ್ಲ ಮಕ್ಕಳು, ಜಮಖಾನೆಯ ಮೇಲೆ. ಹಿಂದೆ ನಾವು ದೊಡ್ಡವರು, ಕುರ್ಚಿಯ ಮೇಲೆ. ನರೇಂದರ್ ಬೇಕೆಂದೇ ನನ್ನ ಪಕ್ಕದಲ್ಲಿ ಬಂದು ಕೂತ. ಸಂಗಮ್ಮ ಈ ಕಡೆ. ನವನೀತಾ ಎರಡು ಮಾತು ಹೇಳಿದಳು, ಮಾರ್ಕಂಡೇಯರು ಮೈಕು ಹಿಡಿದು ಪರದೆಯ ಪಕ್ಕ ನಿಂತರು, ದೀಪ ಆರಿಸಿದರು.

ಗಂಗಿ ಬಂತು. ಕಪ್ಪು ಬಿಳುಪು, ಅಲ್ಲಲ್ಲಿ ಗೀರು. ನನ್ನ ಹೆಂಡತಿ ಉಸಿರು ಒಳಗೆಳೆದುಕೊಂಡದ್ದು ನನಗೆ ಕೇಳಿಸಿತು.

ಮಾರ್ಕಂಡೇಯರಿಗೆ ಮಾತೆಲ್ಲ ಬಾಯಿಪಾಠ. ಆ ವಯಸ್ಸಿನಲ್ಲೂ ಎಂಥ ದನಿ. ಮಕ್ಕಳು ಮೊದಮೊದಲು ಕಣ್ಣು ಅರಳಿಸಿ ಕೂತವು. ಆದರೆ ಸ್ವಲ್ಪ ಹೊತ್ತಿಗೆ ಕಿಸಿಕಿಸಿ ಶುರುವಾಯಿತು. ಮೇಷ್ಟ್ರು "ಆಕಲಮ್ಮಾ" ಎಂದು ಮುಗಿಸುತ್ತಾರೆ, ಮೇಕೆಯ ಬಾಯಿ ಇನ್ನೂ ಆಡುತ್ತಲೇ ಇದೆ. ಇನ್ನೊಂದು ಮಾತು ಮುಗಿಸುತ್ತಾರೆ, ಬಾಯಿ ಇನ್ನೂ ಆಡುತ್ತಿದೆ. "ಎಪ್ಪುಡೂ ತಿಂಟೂನೇ ಉಂದಿ," ಯಾವಾಗಲೂ ತಿನ್ನುತ್ತಲೇ ಇದೆ ಎಂದು ಒಬ್ಬ ಕೂಗಿದ. ಹಾಲೆಲ್ಲ ನಕ್ಕಿತು. ಮೆಲುಕು ಹಾಕುವುದು ಗಂಗಿಯ ಅಭ್ಯಾಸ ಎಂದು ನವನೀತಾ ಮಕ್ಕಳಿಗೆ ಹೇಳಿದಳು. ನರೇಂದರ್ ನನ್ನನ್ನು ಮೊಣಕೈಯಿಂದ ತಿವಿದು, "ಮ್ಯಾಕಿಗೆ ಮನ್ಯಾಗ ಊಟ ಹಾಕತಿದ್ದಿಲ್ಲೇನ್ರಿ?" ಎಂದ. ಹಲ್ಲು ಕಚ್ಚಿ ಕೂತೆ. ಮಾತಾಡುವ ಹಾಗಿಲ್ಲ.

ನಗು ನಿಲ್ಲಲಿಲ್ಲ. ಸಂಗಮ್ಮನ ಕಡೆ ನೋಡಿದೆ. ಅವಳ ಮುಖ ಬಿಗಿದಿತ್ತು. ತನ್ನ ಕೆಲಸವನ್ನು ನೋಡಿ ಮಕ್ಕಳು ನಗಬಾರದ ಕಡೆ ನಗುತ್ತಿದ್ದವು, ಅದನ್ನು ಅವಳು ಸಹಿಸಲಾರಳು. ಬಲಗೈ ತಾನಾಗಿ ಮೇಲೆದ್ದಿತ್ತು, ಪರದೆಯ ಮೇಲಿನ ಬಾಯಿಯ ಜೊತೆಗೇ ಅವಳ ಬೆರಳು ಆಡುತ್ತಿದ್ದವು. ಆಮೇಲೆ ತುಟಿಯೂ ಆಡಿತು. ಮಹಾಂತಯ್ಯನವರ ಮಾತುಗಳು. ಬಲ ಕಿವಿಯಲ್ಲಿ ಕೇಳಿ ಕೇಳಿ ಅವಳೊಳಗೆ ಉಳಿದುಹೋಗಿದ್ದ ಕನ್ನಡ. ಮೊದಲು ಪಿಸುಮಾತು, ಆಮೇಲೆ ಪಕ್ಕದವರಿಗೆ ಕೇಳುವಷ್ಟು, ಆಮೇಲೆ ಬಾಲವಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳುವಷ್ಟು ಗಟ್ಟಿಯಾಗಿ.

"ಅಪ್ಪಾ, ಬಾವಿಯೊಳಗ ಯಾರಾರ ಬಿದ್ರ ಏನ್ ಮಾಡ್ತೀ?"

ಬಾಯಿ ಸರಿಯಾಗಿ ಕೂತಿತು. ಮಾರ್ಕಂಡೇಯರ ತೆಲುಗು ಅರ್ಧದಲ್ಲೇ ಮುಗಿದಿತ್ತು, ಮೇಕೆಯ ಬಾಯಿ ಸಂಗಮ್ಮನ ಕೊನೆಯ ಅಕ್ಷರದವರೆಗೆ ಆಡಿ ಮುಚ್ಚಿಕೊಂಡಿತು. ಕಥೆಯಲ್ಲಿ ಮುಂದೆ ಮೇಕೆಯನ್ನು ಮನೆಗೆ ಬಾ ಎಂದು ಕರೆಯುತ್ತಾರೆ. ಸಂಗಮ್ಮ "ಒಲ್ಲೆ" ಎಂದು ಸುಮ್ಮನಾದಳು. ಈ ಸಲ ಬಾಯಿ ಮೇಷ್ಟ್ರ ಮಾತಿಗೆ ಆಡಿತು. "ನಾಕೊದ್ದಂಟೆ ವದ್ದು."

ಮಕ್ಕಳ ನಗು ನಿಂತಿತು. ಆ ಕಾಲದಲ್ಲಿ ಯಾವ ಊರಿನಲ್ಲೂ ಈ ಎರಡು ದನಿ ಒಟ್ಟಿಗೆ ಕೇಳಿರಲಿಲ್ಲ. ಅಲ್ಲಿ ಕೂತ ನಮ್ಮೂರ ಮಕ್ಕಳೋ, ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಮಾತಾಡುವವರು. ಎರಡೂ ತಿಳಿಯುತ್ತವೆ. ಎರಡು ಜಡೆಯ ಒಂದು ಹುಡುಗಿ ಎದ್ದು ನಿಂತು, "ಅದು ತಿನ್ನಾಕತ್ತಿಲ್ಲ," ಎಂದಳು. "ನಮ್ಮಂಗ ಎರಡೂ ಮಾತಾಡಾಕತ್ತೈತಿ."

ಮಕ್ಕಳೆಲ್ಲ ಹಿಂದೆ ತಿರುಗಿದರು. ಒಮ್ಮೆ ಪರದೆ, ಒಮ್ಮೆ ಪರದೆಯ ಬೆಳಕು ಬಿದ್ದ ಸಂಗಮ್ಮನ ಕೈ ನೋಡಿದರು. ಪರದೆಯ ಮೇಲೆ ಮೇಕೆಯ ಬಾಯಿ ತೆರೆದರೆ ಈ ಕೈ ತೆರೆಯುತ್ತಿತ್ತು, ಅದು ಅಡ್ಡ ಆಡಿದರೆ ಇದೂ ಅಡ್ಡ ಆಡುತ್ತಿತ್ತು. ಒಂದು ಕೂದಲೆಳೆಯಷ್ಟೂ ಹಿಂದೆ ಮುಂದೆ ಇರಲಿಲ್ಲ. ಕೈ ಸುಕ್ಕುಗಟ್ಟಿದೆ, ನರ ಎದ್ದಿವೆ, ಬಳೆ ಸಡಿಲಾಗಿ ಮೊಣಕೈಗೆ ಇಳಿದಿದೆ. ಆದರೂ ಅದೇ ಕೈ.

ಮಾರ್ಕಂಡೇಯರು ಮಾತು ನಿಲ್ಲಿಸಿರಲಿಲ್ಲ. ನಿಲ್ಲಿಸಿದ್ದರೆ ಮಕ್ಕಳಿಗೆ ಕಥೆ ಕೆಡುತ್ತಿತ್ತು, ಅದು ಅವರಿಗೂ ಗೊತ್ತು, ಇವಳಿಗೂ ಗೊತ್ತು. ಇಬ್ಬರೂ ಕೊನೆಯವರೆಗೆ ಆಡಿದರು, ಒಬ್ಬರು ಪರದೆಯ ಪಕ್ಕದಿಂದ, ಒಬ್ಬಳು ನನ್ನ ಪಕ್ಕದಿಂದ. ಯಾರ ಮಾತು ಮೊದಲು ಮುಗಿದರೂ ಇನ್ನೊಬ್ಬರಿಗೆ ಕಾದರು. ಕಥೆ ಮುಗಿದು ದೀಪ ಹತ್ತಿದಾಗ ಅವರು ಮೈಕು ಹಿಡಿದುಕೊಂಡೇ ಮಕ್ಕಳ ನಡುವೆ ದಾರಿ ಮಾಡಿಕೊಂಡು ಬಂದು ಸಂಗಮ್ಮನ ಮುಂದೆ ನಿಂತರು.

"ಅಮ್ಮಾ, ಆ ಚೆಯ್ಯಿ ಮೀದೇನಾ?"

ಆ ಕೈ ನಿಮ್ಮದೇನಾ ಎಂದು ಅವರು ಕೇಳಿದ್ದು ಇಡೀ ಹಾಲಿಗೆ ಕೇಳಿಸಿತು.

"ನಿಮ್ಮ ಮಾತು ಮುಗಿಯೋತನಕ ಕಾದದ್ದು ಇದೇ ಕೈ ರೀ," ಎಂದಳು ಸಂಗಮ್ಮ.

ಮಾರ್ಕಂಡೇಯರು ಮಕ್ಕಳ ಕಡೆ ತಿರುಗಿ, ಈ ಮಾತಿಗೆ ನಾನು ಸಾಕ್ಷಿ, ಈಗ ಕಣ್ಣಾರೆ ನೋಡಿದೆ, ಗಂಗಿ ಎಂದರೆ ನಾನೊಬ್ಬನೇ ಅಲ್ಲ, ಮಹಾಂತಯ್ಯನವರೂ ಈ ಅಮ್ಮನೂ ಸೇರಿ ನಾವು ಮೂವರು ಎಂದರು. ನವನೀತಾ ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದಳು, ಅವಳ ಕಣ್ಣು ತುಂಬಿದ್ದವು. ಅವಳೇ ಓಡಿ ಬಂದು ಹೆಸರು ಕೇಳಿದಳು, ಗಟ್ಟಿಯಾಗಿ ಹೇಳಿ ಅಮ್ಮಾ ಎಂದು ಮೈಕು ಮುಂದೆ ಹಿಡಿದಳು.

ಇನ್ನು ನನ್ನಿಂದಾಗಲಿಲ್ಲ. ಐವತ್ತು ವರ್ಷ ಹೇಳಿದ್ದನ್ನು ಈಗ ಮೈಕಿನಲ್ಲಿ ಹೇಳಿಬಿಡೋಣ, ಈ ನರೇಂದರನ ಕಿವಿ ತೂತು ಬೀಳಲಿ ಎಂದು ಎದ್ದು ನಿಂತೆ. ಸಂಗಮ್ಮ ನನ್ನ ಅಂಗಿ ಹಿಡಿದು ಕೆಳಗೆ ಜಗ್ಗಿದಳು.

"ಕುಂದರ್ರಿ. ನನ್ನ ಹೆಸರು ನನಗ ಬರತೈತಿ."

ಕೂತೆ. ತಾಯಪ್ಪನ ಹೆಂಡತಿ ಎನ್ನುತ್ತಾಳೆ, ಈಗ ನನ್ನ ಹೆಸರೂ ಬರುತ್ತದೆ ಎಂದು ಮೀಸೆ ಸರಿಮಾಡಿಕೊಂಡು ಕಾದೆ. ಅವಳು ಸೆರಗು ಹೊದ್ದುಕೊಂಡು, ಮೈಕಿನ ಹತ್ತಿರ ಬಾಯಿ ತಂದು ಹೇಳಿದಳು.

"ಮಕ್ತಲ್ ಸಂಗಮ್ಮ."

ಅಷ್ಟೇ. ಊರಿಗೆ ತವರಿನ ಹೆಸರು, ತನಗೆ ತನ್ನ ಹೆಸರು. ಆ ಕೆಲಸ ಮಾಡಿದಾಗ ಅವಳು ಯಾರ ಹೆಂಡತಿಯೂ ಆಗಿರಲಿಲ್ಲ, ಸರಿಯಾಗಿಯೇ ಹೇಳಿದಳು. ಹಾಲಿನಲ್ಲಿ ಮೊದಲು ಚಪ್ಪಾಳೆ ತಟ್ಟಿದವನು ನಾನೇ, ಕೊನೆಗೆ ನಿಲ್ಲಿಸಿದವನೂ ನಾನೇ.